ಅರವತ್ತರ ಶಾಂತಿಗೆ ಮಾವಿನ ಮೂಸ್

ಪ್ರೀತಿಯ ಮಂಜು,

ಅಪ್ಪನ ಅರವತ್ತರ ಶಾಂತಿಯ ದಿನ ರಾತ್ರಿ ಊಟಕ್ಕೆ ಮೂಸ್, ಅದೇ ಕ್ರೀಮ್ ಬೆರೆಸಿದ ನೊರೆಯಂಥ ತಣ್ಣನೆ ಸಿಹಿ, ನೀನೇ ಮಾಡ್ತೀಯ ಅಂತ ಕೇಳಿ ಖುಷಿಯಾಯಿತು. ಚಾಕೊಲೇಟ್ ಬೇಡ ಕಣೋ, ಮಾವಿನದೇ ಮಾಡು. ಹಿರಿಯರೂ ಇಷ್ಟಪಟ್ಟು ತಿಂತಾರೆ.

ಮೂಸ್ ಗಟ್ಟಿಯಾಗೋಕೆ ಹಾಕೋ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ತಯಾರಾಗೋದು, ನಿಮ್ಮ ಮನೆಗೆ ಆಗಿಬರಲ್ಲ. ಅದರ ಬದಲು ಚೈನಾ ಗ್ರಾಸ್ ಪುಡಿ ತಗೋ, ಅದು ಕಡಲ ಪಾಚಿಯದು. ಇದನ್ನು ಹಾಕಿದರೆ ಮೂಸ್ ಗಂಟುಗಂಟಾಗುತ್ತೆ ಅಂತ ತುಂಬಾ ಜನ ದೂರುತ್ತಾರೆ. 40 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು, ಅದು ಹೆಪ್ಪುಗಟ್ಟೋಕೆ ಶುರುವಾಗುತ್ತೆ; ತಣ್ಣನೆ ಕ್ರೀಮ್ ತಾಗಿದ ಕಡೆಯೆಲ್ಲ ಗಂಟಾಗದೆ ಇನ್ನೇನು? ಅದಕ್ಕೇ ನಾನು 100 ಮಿ.ಲೀ. ನೀರಲ್ಲಿ 2 ಗ್ರಾಂ ಪುಡಿ ಹಾಕಿ ಎರಡು ನಿಮಿಷ ಚೆನ್ನಾಗಿ ಕುದಿಸಿ, ಬೆಚ್ಚಗಿರೋ 300 ಗ್ರಾಂ ಮಾವಿನ ತಿರುಳಿಗೆ ಕಲಸಿ, ಪೂರ್ತಿ ಗಟ್ಟಿಯಾಗೋಕೆ ಬಿಡ್ತೀನಿ. ಆಮೇಲೆ ಅದನ್ನೇ ಮಿಕ್ಸಿಯಲ್ಲಿ ತಿರುವಿದರೆ ನುಣ್ಣಗೆ, ಹೊಳೆಯುವ ಹಾಗೆ ಆಗುತ್ತೆ. ಗಂಟಿನ ಮಾತೇ ಇಲ್ಲ.

ಬಾದಾಮಿ ಮಾವಿಗೆ ನಾರಿಲ್ಲ, ತಿರುಳೂ ಮಂದ. ನನಗೆ ರಸಪುರಿಯ ಘಮವೇ ಹೆಚ್ಚು ಇಷ್ಟ, ಆದರೆ ಅದರ ರಸ ತೆಳು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇಂಗಿಸಬೇಕು. ಸಕ್ಕರೆ ಹಣ್ಣಿನ ಸಿಹಿ ನೋಡಿ ಹಾಕು.

ಕ್ರೀಮ್ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಓದು. ಮಾಮೂಲಿ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇ. 25ರಷ್ಟೇ, ಎಷ್ಟು ಬೀಟ್ ಮಾಡಿದರೂ ನಿಲ್ಲಲ್ಲ. ಶೇ. 30 ಆದರೂ ಇರಬೇಕು. ಬೇಕರಿಗಳಲ್ಲಿ ಬಳಸೋ ವನಸ್ಪತಿ ಕೊಬ್ಬಿನ ವಿಪ್ ಕ್ರೀಮ್ ಸೆಕೆಯಲ್ಲೂ ನಿಲ್ಲುತ್ತೆ, ನಿಜ. ಆದರೆ ನಾಲಿಗೆಗೆ ಜಿಡ್ಡು ಮೆತ್ತಿ ಮಾವಿನ ರುಚಿಯನ್ನೇ ಮುಚ್ಚಿಹಾಕುತ್ತೆ. ದಯವಿಟ್ಟು ಬೇಡ. 250 ಮಿ.ಲೀ. ಕ್ರೀಮು, ಪಾತ್ರೆ, ಬೀಟರಿನ ಕಡ್ಡಿ ಮೂರೂ ಫ್ರಿಜ್ಜಿನಿಂದ ಆಗಷ್ಟೇ ತೆಗೆದಿರಲಿ. ಬೀಟರ್ ಎತ್ತಿದಾಗ ಕ್ರೀಮಿನ ತುದಿ ಎದ್ದು ನಿಂತು, ಮೆಲ್ಲಗೆ ಬಾಗಬೇಕು. ಅಲ್ಲಿಗೆ ನಿಲ್ಲಿಸಿಬಿಡು, ಮುಂದುವರಿಸಿದರೆ ಬೆಣ್ಣೆ ಬಿಡುತ್ತೆ. ಮಾವಿಗೆ ಮೊದಲು ಒಂದು ಸೌಟು ಕ್ರೀಮ್ ಕಲಸಿ ಸಡಿಲ ಮಾಡ್ಕೊ. ಮಿಕ್ಕಿದ್ದನ್ನು ಎರಡು ಸಲಕ್ಕೆ ಹಾಕಿ, ತಳದಿಂದ ಮೇಲಕ್ಕೆ ಹಗುರವಾಗಿ ಮಗುಚು. ಗರಗರ ತಿರುವಿದರೆ ಗಾಳಿಯೆಲ್ಲ ಹೊರಟುಹೋಗುತ್ತೆ.

ಹೋಳಿಗೆ ಊಟ ಮಾಡಿದವರಿಗೆ ದೊಡ್ಡ ಬಟ್ಟಲು ಯಾಕೆ? ಸಣ್ಣ ಗಾಜಿನ ಲೋಟ ಸಾಕು. ಅಕ್ಕಿ ತುಂಬಿದ ಬಟ್ಟಲಲ್ಲಿ ಲೋಟವನ್ನು ಓರೆಯಾಗಿ ಊರಿ, ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ ಮೂಸನ್ನು ಅದರಿಂದ ಹಿಂಡು, ಅಂಚಿಗೆ ಮೆತ್ತಲ್ಲ. ಬಟ್ಟಲ ಸಮೇತ ಫ್ರಿಜ್ಜಿಗಿಟ್ಟು, ಗಟ್ಟಿಯಾದ ಮೇಲೆ ಲೋಟ ನೆಟ್ಟಗೆ ನಿಲ್ಲಿಸಿ, ಖಾಲಿ ಅರ್ಧಕ್ಕೆ ಕಾಯಿಸದ ಮಾವಿನಹಣ್ಣಿನ ರಸ ಸುರಿ. ಗಾಜಿನಲ್ಲಿ ತಿಳಿ ಹಳದಿ, ಕಡು ಕೇಸರಿ ಓರೆಯಾಗಿ ಕೂಡುವುದನ್ನು ನೀನೇ ನೋಡ್ತೀಯ. ಮೇಲೆ ಪುಡಿ ಮಾಡಿದ ಚಿರೋಟಿ ಉದುರಿಸು. ಮೆತ್ತನೆಯ ಮೂಸಿನ ನಡುವೆ ಹಲ್ಲಿಗೊಂದಿಷ್ಟು ಗರಿಗರಿ ಸಿಗಬೇಕು. ಆದರೆ ಲೋಟ ಕೈಗೆ ಕೊಡುವಾಗಲೇ ಹಾಕು, ಮೊದಲೇ ಹಾಕಿದರೆ ಮೆತ್ತಗಾಗುತ್ತೆ.

ಮೂಸ್ ಹಿಂದಿನ ದಿನವೇ ಮಾಡಿಡು, ಪೂಜೆ ದಿನ ಅಡುಗೆಮನೆಯಲ್ಲಿ ನಿನಗೆ ಜಾಗ ಸಿಗಲ್ಲ. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ