ಥರ್ಡ್ ಪಾರ್ಟಿ ಪಾಲಿಸಿ ಅರ್ಧ ರೇಟಿಗೆ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಕಾರಿಗೆ ನಕಲಿ ಇನ್ಶೂರೆನ್ಸ್ ಮಾರಿ ಸಿಕ್ಕಿಬಿದ್ದವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಕೊನೆಯಲ್ಲಿ ‘ಸಾರ್ವಜನಿಕರು ಎಚ್ಚರ ವಹಿಸಬೇಕು’ ಅಂತ ಒಂದು ಸಾಲು. ಎಚ್ಚರ ಅಂದರೆ ಏನನ್ನು ನೋಡಬೇಕು, ಎಲ್ಲಿ ನೋಡಬೇಕು ಅನ್ನುವುದನ್ನು ಮಾತ್ರ ಬಿಡಿಸಿ ಹೇಳುವವರು ಕಡಿಮೆ. ನನಗೆ ಗೊತ್ತಿರುವಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ರೇಟಿನ ಮಾತು. ಇದೊಂದು ಗೊತ್ತಿದ್ದರೆ ಬಹಳಷ್ಟು ಮೋಸ ಶುರುವಿನಲ್ಲೇ ನಿಂತುಹೋಗುತ್ತದೆ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಗೆ ಪ್ರೀಮಿಯಂ ಎಷ್ಟು ಅನ್ನುವುದನ್ನು ಇನ್ಶೂರೆನ್ಸ್ ಕಂಪನಿಗಳು ತೀರ್ಮಾನಿಸುವುದಿಲ್ಲ, ಕೇಂದ್ರ ಸರ್ಕಾರ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ ವರ್ಷಕ್ಕೆ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಇದರ ಮೇಲೆ ಜಿಎಸ್‌ಟಿ. ಸರ್ಕಾರಿ ಕಂಪನಿಗೆ ಹೋದರೂ ಅಷ್ಟೇ, ಖಾಸಗಿಗೆ ಹೋದರೂ ಅಷ್ಟೇ. ಎಲೆಕ್ಟ್ರಿಕ್ ಗಾಡಿಗೆ ರಿಯಾಯಿತಿ ಇದೆ, ಅದನ್ನೂ ಸರ್ಕಾರವೇ ಕೊಟ್ಟಿದೆ. ಹೀಗಿರುವಾಗ ‘ದೊಡ್ಡ ಕಾರಾದ್ರೂ ಮೂರು ಸಾವಿರಕ್ಕೇ ಥರ್ಡ್ ಪಾರ್ಟಿ ಮಾಡಿಸಿಕೊಡ್ತೀನಿ ಸಾರ್’ ಅನ್ನುವವನು ಉಳಿದ ದುಡ್ಡನ್ನು ತನ್ನ ಜೇಬಿನಿಂದ ಹಾಕುತ್ತಾನಾ? ‘ನನ್ನ ಕಮಿಷನ್ ಬಿಟ್ಟುಕೊಡ್ತೀನಿ’ ಅಂತ ಅವನು ಹೇಳಬಹುದು. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಹಾಗೆ ಬಿಟ್ಟುಕೊಡುವಂತೆಯೂ ಇಲ್ಲ.

ನಮ್ಮ ಗಾಡಿಗೇ ಆಗುವ ಡ್ಯಾಮೇಜಿನ ಕವರ್ ಬೇರೆ. ಅಲ್ಲಿ ಕಂಪನಿಯಿಂದ ಕಂಪನಿಗೆ ರೇಟು ಬದಲಾಗುತ್ತದೆ. ಕ್ಲೇಮ್ ಮಾಡದೇ ಇದ್ದರೆ ನೋ ಕ್ಲೇಮ್ ಬೋನಸ್ ಅಂತ ಪ್ರೀಮಿಯಂನಲ್ಲಿ ಶೇ 50ರವರೆಗೂ ರಿಯಾಯಿತಿ ಸಿಗುತ್ತದೆ. ಇಲ್ಲಿ ಕಡಿಮೆ ಅಂದ ಮಾತ್ರಕ್ಕೆ ಸುಳ್ಳು ಅನ್ನಲಾಗದು. ಆದರೆ ಹೋದ ವರ್ಷ ಕ್ಲೇಮ್ ಮಾಡಿದ್ದೀರಿ ಅಂತ ಗೊತ್ತಿದ್ದೂ ಬೋನಸ್ ಹಾಕಿ ಪ್ರೀಮಿಯಂ ಇಳಿಸುವ ಏಜೆಂಟರಿದ್ದಾರೆ. ಅಸಲಿ ಪಾಲಿಸಿಯೇ ಆಗಿದ್ದರೂ ಕ್ಲೇಮಿನ ಹೊತ್ತಿಗೆ ಕಂಪನಿ ಈ ಸುಳ್ಳನ್ನೇ ಹಿಡಿದುಕೊಂಡು ಕೂರುತ್ತದೆ. ಸಹಿ ನಿಮ್ಮದು ತಾನೇ.

ಈಗ ನಕಲಿ ಹೇಗೆ ತಯಾರಾಗುತ್ತದೆ ನೋಡಿ. ಕಂಪ್ಯೂಟರಿನಲ್ಲಿ ಪೂರ್ತಿ ಸುಳ್ಳು ಕಾಗದ ಮಾಡುವುದು ಹಳೆಯ ದಾರಿ. ಅದಕ್ಕಿಂತ ಚಾಲಾಕಿಯದು ಇನ್ನೊಂದಿದೆ. ಅದೇ ಸರ್ಕಾರಿ ಪಟ್ಟಿಯಲ್ಲಿ 75 ಸಿಸಿವರೆಗಿನ ದ್ವಿಚಕ್ರ ವಾಹನದ ಥರ್ಡ್ ಪಾರ್ಟಿಗೆ ಬರೀ 538 ರೂಪಾಯಿ. 20 ಟನ್ ಮೀರಿದ ಲಾರಿಗೆ 43 ಸಾವಿರ ದಾಟುತ್ತದೆ. ವಂಚಕ ನಿಮ್ಮ ಕಾರು ಅಥವಾ ಲಾರಿಯ ನಂಬರ್ ಹಾಕಿ ಆನ್‌ಲೈನಿನಲ್ಲಿ ಮೊಪೆಡ್ಡಿನ ಪಾಲಿಸಿ ತೆಗೆದುಕೊಳ್ಳುತ್ತಾನೆ. ಬಂದ ಪಿಡಿಎಫ್‌ನಲ್ಲಿ ಮಾಡೆಲ್, ಸಿಸಿ, ಪ್ರೀಮಿಯಂ ಇಷ್ಟನ್ನು ತಿದ್ದಿ ಕಲರ್ ಪ್ರಿಂಟ್ ತೆಗೆದು ನಿಮ್ಮ ಕೈಗಿಡುತ್ತಾನೆ. ನೀವು ಪಾಲಿಸಿ ನಂಬರ್ ಹಾಕಿ ನೋಡಿದರೆ ಅದು ನಿಜವಾಗಿಯೂ ಇರುತ್ತದೆ! ಹೆಸರೂ ನಿಮ್ಮದೇ. ಹಾಗಾಗಿ ‘ಪಾಲಿಸಿ ನಂಬರ್ ಚೆಕ್ ಮಾಡಿದೆ, ಸರಿಯಾಗಿದೆ’ ಅಂದರೆ ಸಾಲದು. ಕಂಪನಿಯ ವೆಬ್‌ಸೈಟಿನಿಂದ ಪಾಲಿಸಿಯ ಪ್ರತಿಯನ್ನು ನೀವೇ ಡೌನ್‌ಲೋಡ್ ಮಾಡಿಕೊಳ್ಳಿ. ಗಾಡಿಯ ಮಾದರಿ, ಎಂಜಿನ್ ನಂಬರ್, ಚಾಸಿ ನಂಬರನ್ನು ಆರ್‌ಸಿ ಜೊತೆ ಪಕ್ಕಪಕ್ಕ ಇಟ್ಟು ಓದಿ. ಕಟ್ಟಿದ ದುಡ್ಡೂ ಪಾಲಿಸಿಯಲ್ಲಿರುವ ಪ್ರೀಮಿಯಮ್ಮೂ ಒಂದೇನಾ ಅಂತಲೂ ನೋಡಿ.

ಇನ್ನೊಂದು ಆಟವಿದೆ. ಪಾಲಿಸಿ ಅಸಲಿಯಾಗಿಯೇ ಮಾಡಿಸುತ್ತಾರೆ, ಕೆಲವು ದಿನ ಬಿಟ್ಟು ಸದ್ದಿಲ್ಲದೆ ರದ್ದು ಮಾಡಿಸಿ ರಿಫಂಡ್ ತಾವೇ ಎತ್ತಿಕೊಳ್ಳುತ್ತಾರೆ. ನಿಮಗೆ ಹೇಗೆ ಗೊತ್ತಾಗಬೇಕು? ಪಾಲಿಸಿಯಲ್ಲಿ ಕೊಟ್ಟ ಮೊಬೈಲ್ ನಂಬರ್, ಇಮೇಲ್ ಎರಡೂ ಅವರದೇ ಆಗಿರುತ್ತವೆ. ಕಂಪನಿ ಕಳಿಸುವ ಮೆಸೇಜೆಲ್ಲ ಅವರಿಗೇ ಹೋಗುತ್ತದೆ. ಈ ಒಂದು ಸಾಲನ್ನು ಜನ ನೋಡುವುದೇ ಇಲ್ಲ. ಇವತ್ತೇ ನಿಮ್ಮ ಪಾಲಿಸಿ ತೆಗೆದು ನೋಡಿ, ಅಲ್ಲಿರುವ ನಂಬರ್ ನಿಮ್ಮದಾ?

ದುಡ್ಡು ಕೊಡುವಾಗ ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಯಾರಿಗೆ ಹೋಗುತ್ತಿದೆ ಅನ್ನುವ ಹೆಸರು ತೋರಿಸುತ್ತದೆ. ಅಲ್ಲಿ ಯಾರೋ ವ್ಯಕ್ತಿಯ ಹೆಸರಿದ್ದರೆ ಅಲ್ಲೇ ನಿಲ್ಲಿಸಿ. ಅದೇ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಕಂಪನಿಗೆ ಸಿಗುವವರೆಗೆ ವಿಮೆಯ ಹೊಣೆ ಶುರುವಾಗುವುದಿಲ್ಲ. ಏಜೆಂಟ್ ಕೈಯಲ್ಲಿ ಕ್ಯಾಶ್ ಕೊಟ್ಟರೂ ರಜೆ ಬಿಟ್ಟು 24 ಗಂಟೆಯೊಳಗೆ ಅವನು ಅದನ್ನು ಕಂಪನಿಗೆ ಕಟ್ಟಲೇಬೇಕು. ‘ದುಡ್ಡು ಕೊಡಿ, ಪಾಲಿಸಿ ಮುಂದಿನ ವಾರ ಬರುತ್ತೆ’ ಅನ್ನುವವನಿಗೆ ಈ ನಿಯಮ ನೆನಪಿಸಿದರೆ ಅವನ ಮುಖ ನೋಡುವ ಹಾಗಿರುತ್ತದೆ.

ಕಾಗದದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸಮಾಧಾನ ಪಟ್ಟುಕೊಳ್ಳುವವರೂ ಇದ್ದಾರೆ. ನಕಲಿ ಕಾಗದದ ಕೋಡ್ ನಕಲಿ ಪುಟಕ್ಕೇ ಕರೆದೊಯ್ಯಬಹುದು. ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಯಾವ ಕಂಪನಿಯದು, ಎಲ್ಲಿಯವರೆಗೆ ಇದೆ ಅನ್ನುವುದು ಕಾಣುತ್ತದೆ. ಮಾಹಿತಿ ಅಲ್ಲಿಗೆ ಏರಲು ಕೆಲವು ದಿನ ಹಿಡಿಯಬಹುದು. ತಿಂಗಳಾದರೂ ಬರಲಿಲ್ಲ ಅಂದರೆ ನೇರವಾಗಿ ಕಂಪನಿಯನ್ನೇ ಕೇಳಿ.

ಇಷ್ಟೆಲ್ಲ ಇದ್ದೂ ಈ ದಂಧೆ ಯಾಕೆ ನಡೆಯುತ್ತದೆ? ನಾವು ಇನ್ಶೂರೆನ್ಸ್ ಮಾಡಿಸುವುದು ಪೊಲೀಸರಿಗೆ ತೋರಿಸಲು. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಆ ದಂಡ ತಪ್ಪಿದರೆ ಸಾಕು, ಒಂದು ಕಾಗದ ಗಾಡಿಯಲ್ಲಿದ್ದರೆ ಸಾಕು ಅನ್ನುವ ಲೆಕ್ಕ. ವಂಚಕರು ಮಾರುತ್ತಿರುವುದೂ ಅದನ್ನೇ. ‘ಸುಮ್ನೆ ತೋರಿಸೋಕೆ ಒಂದು ಕಾಪಿ ಇರಲಿ’ ಅಂತ ಗೊತ್ತಿದ್ದೇ ಕೊಳ್ಳುವವರೂ ನಮ್ಮ ನಡುವೆ ಇದ್ದಾರೆ. ಅವರನ್ನು ಮೋಸ ಹೋದವರು ಅನ್ನಲು ನನಗೆ ಮನಸ್ಸಿಲ್ಲ.

ಯಾಕೆಂದರೆ ಥರ್ಡ್ ಪಾರ್ಟಿ ವಿಮೆ ಇರುವುದು ಗಾಡಿಯವನಿಗಾಗಿ ಅಲ್ಲವೇ ಅಲ್ಲ. ಅವನ ಗಾಡಿಗೆ ಸಿಕ್ಕಿ ಕೈಕಾಲು ಕಳೆದುಕೊಂಡವರಿಗೆ, ಸತ್ತವರ ಮನೆಯವರಿಗೆ ಅದು ಇರುವುದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪಾಲಿಸಿ ನಕಲಿ ಅಂತ ಸಾಬೀತಾದರೆ ಕಂಪನಿ ಕೈತೊಳೆದುಕೊಳ್ಳುತ್ತದೆ. ಪರಿಹಾರವನ್ನು ಮಾಲೀಕನೇ ಕಟ್ಟಬೇಕು. ಅದು ಲಕ್ಷಗಳ ಲೆಕ್ಕ. ಮನೆ ಜಮೀನು ಇದ್ದವರದು ಜಪ್ತಿಗೆ ಬರುತ್ತದೆ. ಏನೂ ಇಲ್ಲದವನ ಗಾಡಿಯಾಗಿದ್ದರೆ, ದುಡಿಯುವ ಮಗನನ್ನು ಕಳೆದುಕೊಂಡ ಮನೆಯವರು ಆದೇಶದ ಪ್ರತಿ ಹಿಡಿದುಕೊಂಡು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಏಜೆಂಟನ ಮುಖವನ್ನೇ ನೋಡದವರು ಅವರು.

ಸರ್ಕಾರಕ್ಕೆ ಒಂದು ಮನವಿ. ಗಾಡಿಗಳ ನೋಂದಣಿ ವಿವರ ಇರುವ ಸರ್ಕಾರದ ‘ವಾಹನ್’ ದಾಖಲೆಯಲ್ಲಿ ವಿಮೆಯ ವಿವರ ಸೇರಿದಾಗ, ಬದಲಾದಾಗ, ರದ್ದಾದಾಗ ಆರ್‌ಸಿಯಲ್ಲಿರುವ ಮೊಬೈಲಿಗೆ ತಪ್ಪದೆ ಎಸ್ಸೆಮ್ಮೆಸ್ ಬರುವಂತಾಗಲಿ. ಪಾಲಿಸಿಯಲ್ಲಿ ವಂಚಕ ತನ್ನ ನಂಬರ್ ಕೊಟ್ಟಿದ್ದರೂ ಮಾಲೀಕನಿಗೆ ಸುದ್ದಿ ಮುಟ್ಟುತ್ತದೆ. ಯಾವ ಗಾಡಿಗೆ, ಎಷ್ಟು ಸಿಸಿಗೆ ಅನ್ನುವುದೂ ಆ ಮೆಸೇಜಿನಲ್ಲಿದ್ದರೆ ಮೊಪೆಡ್ಡಿನ ಆಟವೂ ನಡೆಯುವುದಿಲ್ಲ. ರಸ್ತೆಯಲ್ಲಿ ನಕಲಿ ಪಾಲಿಸಿ ಸಿಕ್ಕಾಗ ಮಾಲೀಕನಿಗೆ ದಂಡ ಹಾಕಿ ಕಳಿಸದೆ, ಅದನ್ನು ಕೊಟ್ಟವನು ಯಾರು ಅಂತ ಪೊಲೀಸರು ಅಲ್ಲೇ ಬರೆದುಕೊಳ್ಳಲಿ.

ಈಗಾಗಲೇ ದುಡ್ಡು ಕಳೆದುಕೊಂಡವರು ನಾಚಿಕೊಂಡು ಕೂರಬೇಡಿ. ಆನ್‌ಲೈನಿನಲ್ಲಿ ಕಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ನಂಬರ್ 155255. ಜೊತೆಗೇ ಅಸಲಿ ಪಾಲಿಸಿಯನ್ನೂ ಮಾಡಿಸಿ. ಅಲ್ಲಿಯವರೆಗೆ ಗಾಡಿ ಮನೆಯಲ್ಲೇ ಇರಲಿ.

ನಿಮ್ಮ ಪತ್ರಿಕೆಗೂ ಒಂದು ಮಾತು. ಇನ್ಶೂರೆನ್ಸ್ ಮಾಡಿಸಿಕೊಡುತ್ತೇವೆ ಅನ್ನುವ ವರ್ಗೀಕೃತ ಜಾಹೀರಾತು ಬಂದರೆ, ಹಾಕುವವರ ಲೈಸೆನ್ಸ್ ನಂಬರ್ ಕೇಳಿ ಅದನ್ನೂ ಜೊತೆಗೆ ಅಚ್ಚು ಹಾಕುವ ನಿಯಮ ಮಾಡಿಕೊಳ್ಳಬಹುದಲ್ವಾ?

ಇಂತಿ,
ನಿಮ್ಮ ಓದುಗ