ಮೇ ತಿಂಗಳವರೆಗೆ ತೀರ್ಪು ಬೇಡ, ಪುಟ್ಟೀ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ನಿನ್ನಪ್ಪ ಫೋನಿನಲ್ಲಿ ಎಲ್ಲ ಹೇಳಿದ. ಸಂಕ್ರಾಂತಿ ರಜೆಗೆ ನಿನ್ನ ಗೆಳತಿ ಮೂಡುಬಿದಿರೆಯಿಂದ ಸಾಗರಕ್ಕೆ ಬಂದಿದ್ದಳಂತೆ. ನಿಮ್ಮ ಮನೆ ಕಡೆ ತಲೆ ಹಾಕಲಿಲ್ಲವಂತೆ. ಹಾಸ್ಟೆಲ್ ಹುಡುಗಿಯರ ಜೊತೆಗಿನ ಫೋಟೋ ಮಾತ್ರ ಸ್ಟೇಟಸ್‌ಗೆ ಹಾಕಿದಳಂತೆ. ಅವಳ ನಂಬರ್ ಬ್ಲಾಕ್ ಮಾಡುತ್ತೇನೆ ಅಂತ ನೀನು ಹಟ ಹಿಡಿದಿದ್ದೀಯಂತೆ. ಬೇಜಾರಾಗದೆ ಇರುತ್ತಾ? ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚು. ಇದೇನು ಸಣ್ಣ ವಿಷಯ, ಓದಿನ ಕಡೆ ಗಮನ ಕೊಡು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರಿಗೆ ತಮ್ಮ ಹದಿನೇಳನೇ ವಯಸ್ಸು ಮರೆತುಹೋಗಿರುತ್ತದೆ.

ಆದರೆ ಸ್ವಲ್ಪ ಲೆಕ್ಕ ನೋಡೋಣ, ನಿನಗೆ ಅಕೌಂಟೆನ್ಸಿ ಇಷ್ಟ ಅಲ್ವಾ. ನಿನ್ನದು ಕಾಮರ್ಸಿನ ಇಬಿಎಸಿ, ಅವಳದು ಸೈನ್ಸಿನ ಪಿಸಿಎಂಬಿ. ಸೆಕೆಂಡ್ ಪಿಯು ಪರೀಕ್ಷೆ ಮುಗಿದ ಸಂಜೆಯೇ ನೀನು ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುತ್ತೀಯ. ಅವಳಿಗೆ ಏಪ್ರಿಲ್‌ನಲ್ಲಿ ಸಿಇಟಿ, ಮೇ ಶುರುವಿನಲ್ಲಿ ನೀಟ್. 180 ಪ್ರಶ್ನೆ, 720 ಅಂಕ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ. ಡಾಕ್ಟರ್ ಸೀಟಿನ ರ‍್ಯಾಂಕ್ ನಿಂತಿರುವುದೇ ಅದರ ಮೇಲೆ. ಅದು ಕೈಕೊಟ್ಟರೆ ಇಂಜಿನಿಯರಿಂಗ್ ಇರಲಿ ಅಂತ ಪಿಯು, ಸಿಇಟಿ ಎರಡನ್ನೂ ಬಿಡುವ ಹಾಗಿಲ್ಲ, ಅಲ್ಲಿ ರ‍್ಯಾಂಕಿಗೆ ಎರಡೂ ಅರ್ಧರ್ಧ. ಹಾಸ್ಟೆಲಿನಲ್ಲಿ ಮೊಬೈಲ್ ಇಲ್ಲ. ಭಾನುವಾರ ಸಾಲಿನಲ್ಲಿ ನಿಂತು ಮನೆಗೆ ಒಂದು ಫೋನ್. ಮಾಕ್ ಟೆಸ್ಟಿನಲ್ಲಿ ಅಂಕ ಬಿದ್ದಾಗ ಯಾಕೆ ಅಳುತ್ತಿದ್ದಾಳೆ ಅಂತ ಪಕ್ಕದ ಮಂಚದ ಹುಡುಗಿಗೆ ವಿವರಿಸಬೇಕಾಗಿಲ್ಲ. ನಿನಗಾದರೆ ಮೊದಲಿಂದ ಹೇಳಬೇಕು. ಅಷ್ಟು ತಾಳ್ಮೆ ಅವಳಲ್ಲಿ ಈಗ ಉಳಿದಿರಲಿಕ್ಕಿಲ್ಲ.

ಅವಳು ಮಾಡಿದ್ದು ಸರಿ ಅನ್ನುತ್ತಿಲ್ಲ. ಎರಡು ಬೀದಿ ಆಚೆಗಿನ ಮನೆ, ಹತ್ತು ನಿಮಿಷ ಬಂದು ಹೋಗಬಹುದಿತ್ತು. ಆದರೂ ಒಂದು ರಜೆ ನೋಡಿ ಇಷ್ಟು ವರ್ಷದ ತೀರ್ಪು ಬರೆಯಬೇಡ. ಅದೂ ಪರೀಕ್ಷೆ ಎದುರಿಗಿಟ್ಟುಕೊಂಡು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ನೀನೂ ಬದಲಾಗಿದ್ದೀಯ ಕಣೇ. ದಸರಾ ರಜೆಗೆ ಇಲ್ಲಿಗೆ ಬಂದಾಗ ನಿನ್ನ ಬಾಯಲ್ಲಿ ಬರೀ ಕಾಮರ್ಸ್ ಗೆಳತಿಯರು, ಥ್ರೋಬಾಲ್ ಟೀಮು, ಕಾಲೇಜ್ ಡೇ ಡಾನ್ಸು. ಅವಳ ಸುದ್ದಿ ನಾನೇ ಕೇಳಬೇಕಾಯಿತು. ಅದು ತಪ್ಪು ಅಂತಲ್ಲ. ನಿನ್ನ ಸ್ಟೇಟಸ್ ನೋಡಿ ಅವಳಿಗೆ ಏನನ್ನಿಸಿತೋ, ಅದನ್ನೂ ಸ್ವಲ್ಪ ಯೋಚಿಸು.

ಬ್ಲಾಕ್ ಮಾಡುವುದು ಆರನೇ ಕ್ಲಾಸಿನಲ್ಲಿ ಠೂ ಬಿಟ್ಟ ಹಾಗಲ್ಲ. ಆಗ ಮಧ್ಯಾಹ್ನ ಠೂ ಬಿಟ್ಟರೂ ಸಂಜೆ ಕುಂಟೆಬಿಲ್ಲೆಗೆ ಜೊತೆ ಬೇಕಾಗಿ ನೀವೇ ರಾಜಿಯಾಗುತ್ತಿದ್ದಿರಿ. ಈಗ ರಾಜಿ ಮಾಡಿಸಲು ಆಟವಿಲ್ಲ. ಅವಳೇ ಮೊದಲು ಮಾತಾಡಿಸಲಿ ಅಂತ ಕಾಯುವುದೂ ಬೇಡ. ನೀನು ಕಾಯುತ್ತಿದ್ದೀಯ ಅಂತಲೇ ಅವಳಿಗೆ ಗೊತ್ತಿರುವುದಿಲ್ಲ, ನಿನಗೆ ಮಾತ್ರ ದಿನಾ ಸಂಕಟ.

ಎಲ್ಲಕ್ಕಿಂತ ಮುಖ್ಯವಾದದ್ದು ಹೇಳಲಾ? ಅವಳ ಮನೆಯ ಕಷ್ಟಸುಖ, ಅವಳು ನಿನ್ನ ಹತ್ತಿರ ಮಾತ್ರ ಹೇಳಿಕೊಂಡದ್ದು, ಯಾವುದನ್ನೂ ಹೊಸ ಗೆಳತಿಯರ ಮುಂದೆ ಬಾಯಿಬಿಡಬೇಡ. ಸಿಟ್ಟು ಬಂದಾಗ ನಾಲಿಗೆ ಜಾರುವುದು ಅಲ್ಲೇ. ಮುಂದೆ ನೀವಿಬ್ಬರೂ ಮಾತೇ ಆಡದೆ ಹೋದರೂ ಅದು ಅವಳ ಗುಟ್ಟೇ.

ಈಗ ಅವಳ ಅಮ್ಮನ ಫೋನಿಗೆ ಎರಡು ಸಾಲು ಕಳಿಸು. ಚೆನ್ನಾಗಿ ಬರಿ, ಮೇನಲ್ಲಿ ಸಿಗೋಣ, ಇಷ್ಟೇ ಸಾಕು. ಭಾನುವಾರ ಅವರು ಓದಿ ಹೇಳುತ್ತಾರೆ. ಯಾಕೆ ಬರಲಿಲ್ಲ ಅಂತ ಅದರಲ್ಲಿ ಕೇಳಬೇಡ. ನೀಟ್ ಮುಗಿದ ಮೇಲೆ ನೀನೇ ಅವಳ ಮನೆಗೆ ಹೋಗು. ಹೇಗೆ ಬರೆದೆ ಅಂತ ಮಾತ್ರ ಕೇಳಬೇಡ, ಊರೆಲ್ಲ ಅದನ್ನೇ ಕೇಳಿ ಅವಳಿಗೆ ಸಾಕಾಗಿರುತ್ತದೆ. ಸಂಕ್ರಾಂತಿಗೆ ನೀನು ಬಾರದೆ ನನಗೆ ನೋವಾಯಿತು ಅಂತ ಆಗ ಮುಖ ನೋಡಿ ಹೇಳು.

ಅಲ್ಲಿಗೆ ಎಲ್ಲ ಮೊದಲಿನ ಹಾಗಾಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಅವಳು ಸೀಟು ಸಿಕ್ಕ ಊರಿಗೆ ಹೋಗುತ್ತಾಳೆ, ನೀನು ಬಿಕಾಂಗೋ ಸಿಎಗೋ. ವರ್ಷಕ್ಕೆ ಎರಡು ಸಲ ಸಿಗುವ ಗೆಳತಿಯರಾಗಬಹುದು. ನನಗೂ ಅಂಥವರಿದ್ದಾರೆ, ಸಿಕ್ಕರೆ ಈಗಲೂ ರಾತ್ರಿಯೆಲ್ಲ ಮಾತು.

ನಿನ್ನ ಪರೀಕ್ಷೆ ಮುಗಿದ ಕೂಡಲೇ ಬಸ್ ಹತ್ತಿ ಇಲ್ಲಿಗೆ ಬಾ. ಅಪ್ಪೆಮಿಡಿ ಉಪ್ಪಿಗೆ ಹಾಕಬೇಕು, ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಜಾಡಿ ಎರಡು ಜಾಸ್ತಿ ಇದ್ದರೆ ಕೊಡು ಅಂತ ಅಮ್ಮನಿಗೆ ಹೇಳು.

ಇಂತಿ,
ನಿನ್ನ ಅತ್ತೆ