ಆಹಾರ ಪುಕ್ಕಟೆ ಸಿಗುತ್ತಿದೆ, ಸಾಗಿಸಲು ಶೀತಲ ವ್ಯಾನು ಬೇಕಾಗಿದೆ

ಮಾನ್ಯರೇ,

ಸಂಕ್ರಾಂತಿಯ ಮರುದಿನ ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಎಳ್ಳು-ಬೆಲ್ಲದ ಪೊಟ್ಟಣಗಳು ಮೂಲೆ ಸೇರಿರುತ್ತವೆ. ಎಳ್ಳು ಕೆಟ್ಟಿಲ್ಲ, ಬೆಲ್ಲ ಕರಗಿಲ್ಲ. ಹಬ್ಬ ಮುಗಿದಿದೆ, ಅಷ್ಟೆ. ಒಂದು ಹಣ್ಣು ಕೊಳೆತಿದ್ದಕ್ಕೆ ಕೆಳಗಿಳಿದ ಇಡೀ ಬಲೆಚೀಲದ ಕಿತ್ತಳೆ, ಅವಧಿ ಮುಗಿಯಲು ಎರಡು ದಿನ ಉಳಿದಿರುವ ಮೊಸರು, ಮೂಲೆ ಜಜ್ಜಿದ ಡಬ್ಬಿಯ ಅವಲಕ್ಕಿಯ ಪಾಡೂ ಇದೇ. ಇವನ್ನು ಅಂಗಡಿಗಳಿಂದ ಪಡೆದು ವೃದ್ಧಾಶ್ರಮ, ಉಚಿತ ವಿದ್ಯಾರ್ಥಿನಿಲಯ, ರೋಗಿಗಳ ಕಡೆಯವರು ತಂಗುವ ಧರ್ಮಶಾಲೆಗಳ ಅಡುಗೆಮನೆಗೆ ಮುಟ್ಟಿಸುವುದು ನಮ್ಮ ಟ್ರಸ್ಟಿನ ಕೆಲಸ.

ಪದಾರ್ಥಕ್ಕೆ ನಾವು ಬಿಡಿಗಾಸನ್ನೂ ಕೊಡುವುದಿಲ್ಲ. ಹಾಗಿದ್ದರೆ ದೇಣಿಗೆ ಏಕೆ ಎಂದು ಹಲವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅಂಗಡಿಯ ಹಿಂಬಾಗಿಲಿನಿಂದ ಆಶ್ರಮದ ಒಲೆಯವರೆಗಿನ ಕೆಲವು ಗಂಟೆಗಳಿಗೇ ಹಣವೆಲ್ಲ ಖರ್ಚಾಗುತ್ತದೆ: ಬಾಡಿಗೆ ಟೆಂಪೋ, ಡೀಸೆಲ್, ಚಾಲಕರ ಸಂಬಳ, ಮಂಜುಗಡ್ಡೆ, ಕ್ರೇಟುಗಳು.

ಬಂದ ಸರಕನ್ನು ಹಾಗೆಯೇ ಹಂಚುವುದಿಲ್ಲ. ನಮ್ಮ ಶೆಡ್ಡಿನ ಉದ್ದ ಮೇಜಿನ ಸುತ್ತ ನಿಂತ ಹೆಂಗಸರು ಪ್ರತಿಯೊಂದು ಟೊಮೆಟೊವನ್ನೂ ತೊಟ್ಟಿನ ಬಳಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಗಟ್ಟಿಯಾದದ್ದು ನಾಳೆಯ ಸಾರಿಗೆ, ಮೆತ್ತಗಾದದ್ದು ಇವತ್ತಿನ ಗೊಜ್ಜಿಗೆ, ಒಡೆದು ನೀರಾದದ್ದು ಗೊಬ್ಬರದ ಗುಂಡಿಗೆ. ಉಬ್ಬಿದ ಹಾಲಿನ ಪೊಟ್ಟಣವನ್ನು ಯಾರು ಕೊಟ್ಟರೂ ಒಲ್ಲೆವು. ಉಣ್ಣುವವರು ಬಡವರು, ಏನಿದ್ದರೂ ನಡೆಯುತ್ತದೆ ಎನ್ನುವವರೊಂದಿಗೆ ನಮಗೆ ಜಗಳವೇ ಇದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ 105 ಕೋಟಿ ಟನ್ ಆಹಾರದಲ್ಲಿ ಚಿಲ್ಲರೆ ಅಂಗಡಿಗಳ ಪಾಲು ಶೇ 12. ಮನೆಗಳದ್ದೇ ಶೇ 60. ಆದ್ದರಿಂದ ಅಂಗಡಿಯವರನ್ನು ಬೈಯುವ ಅಧಿಕಾರ ನಮಗಾರಿಗೂ ಹೆಚ್ಚಿಲ್ಲ. ಆದರೆ ಮನೆಯ ಉಳಿಕೆಯಂತಲ್ಲ ಅಂಗಡಿಯದು. ಅದು ಒಂದೇ ಕಡೆ, ರಾಶಿಯಾಗಿ, ಪೊಟ್ಟಣ ಒಡೆಯದೆ ಸಿಗುತ್ತದೆ.

ಫ್ರಾನ್ಸಿನಲ್ಲಿ 2016ರ ಕಾನೂನಿನಂತೆ 400 ಚದರ ಮೀಟರ್‌ಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಉಳಿದ ಆಹಾರವನ್ನು ಕೊಡಲು ಸೇವಾಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಹೆಚ್ಚುವರಿ ಆಹಾರದ ಹಂಚಿಕೆಗೆ 2019ರಲ್ಲಿ ನಿಯಮ ರೂಪಿಸಿ, 2020ರ ಜುಲೈ 1ರಿಂದ ಜಾರಿಗೆ ತಂದಿತು. ಹೇಗೆ ಹಂಚಬೇಕು ಎಂದು ಆ ನಿಯಮ ಹೇಳುತ್ತದೆ, ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಹಾಗಾಗಿ ಎಲ್ಲವೂ ಅಂಗಡಿಯ ಮ್ಯಾನೇಜರ್ ಮನಸ್ಸು ಮಾಡುವುದರ ಮೇಲೆ ನಿಂತಿದೆ. ಹೇಳಿದ ಹೊತ್ತಿಗೆ ನಮ್ಮ ಗಾಡಿ ಬಾರದಿದ್ದರೆ ಅವರು ಕಾಯುವುದಿಲ್ಲ, ಸರಕು ಕಸದ ಲಾರಿ ಹತ್ತುತ್ತದೆ.

ಬೇಸಿಗೆಯಲ್ಲಿ ಕಷ್ಟ ಇನ್ನೂ ಹೆಚ್ಚು. ಮೊಸರು, ಪನ್ನೀರು 5 ಡಿಗ್ರಿಯೊಳಗೆ ಇರಬೇಕು. ತೆರೆದ ಟೆಂಪೋದಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಸಾಲಿನಲ್ಲಿ ಅದು ಆಗದ ಮಾತು. ಅದಕ್ಕಾಗಿಯೇ ಸಣ್ಣದೊಂದು ಶೀತಲ ವ್ಯಾನು ಕೊಳ್ಳಲು ನಿಧಿ ಕೂಡಿಸುತ್ತಿದ್ದೇವೆ. ಒಮ್ಮೆಗೇ ದೊಡ್ಡ ಮೊತ್ತ ಕೊಡಲಾಗದವರು ತಿಂಗಳಿಗೆ 200 ರೂಪಾಯಿಯಂತೆ ಡೀಸೆಲ್ ವೆಚ್ಚಕ್ಕೆ ನೆರವಾಗಬಹುದು. ಚೆಕ್, ಯುಪಿಐ, ನಗದು ಯಾವುದಾದರೂ ಸರಿ. ಪ್ರತಿ ದೇಣಿಗೆಗೂ ರಸೀದಿ ಉಂಟು, ಲೆಕ್ಕದ ಪುಸ್ತಕವನ್ನು ಕಚೇರಿಗೆ ಬಂದು ಯಾರು ಬೇಕಾದರೂ ನೋಡಬಹುದು. ಮದುವೆಮನೆಯ ಉಳಿದ ಅಡುಗೆಯನ್ನು ಮಾತ್ರ ದಯವಿಟ್ಟು ತರಬೇಡಿ. ಬೇಯಿಸಿದ್ದನ್ನು ಕಾಪಾಡುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಇಲ್ಲ.

ಇಂತಿ,
ಟ್ರಸ್ಟಿನ ಕಾರ್ಯದರ್ಶಿ